ಆಂಟೋನಿಯಾ ಪಂತೋಹಾ: ಕಾಲೇಜಿನವರೆಗೆ ಕೈಹಿಡಿದು ನಡೆಸಿದವರು

ಕಳೆದ ತಿಂಗಳು ನಮ್ಮ ಕಾಲೇಜಿನ ವಿದ್ಯಾರ್ಥಿ ಕ್ಷೇಮ ಸಮಿತಿಯವರು ನನಗೂ ನನ್ನ ಇಬ್ಬರು ಸಹಪಾಠಿಗಳಿಗೂ ಒಂದು ಕೆಲಸ ವಹಿಸಿದ್ದರು. ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡುವ ಕೌಂಟರ್, ಸಂಜೆಯ ವಿಶೇಷ ತರಗತಿ, ವರ್ಷಪೂರ್ತಿ ಪುಸ್ತಕ ಎರವಲು ಕೊಡುವ ಯೋಜನೆ, ಈ ಮೂರರ ಬಗ್ಗೆ ವಿದ್ಯಾರ್ಥಿಗಳು ತುಂಬಿಕೊಟ್ಟ ಅಭಿಪ್ರಾಯ ಪತ್ರಗಳನ್ನು ಎಣಿಸಿ ಒಂದು ಕೋಷ್ಟಕ ಮಾಡಬೇಕಿತ್ತು. ಕಾಮರ್ಸ್ ಓದುವವರಿಗೆ ಇದು ಇಷ್ಟದ ಕೆಲಸ. ಎರಡು ಮಧ್ಯಾಹ್ನ ಕೂತು ಮುಗಿಸಿದೆವು. ಹೆಚ್ಚಿನವರು ಉತ್ತಮ ಎಂಬ ಕಡೆಗೇ ಗುರುತು ಹಾಕಿದ್ದರು. ಸಂತೋಷದಿಂದ ಕೋಷ್ಟಕವನ್ನು ನಮ್ಮ ಉಪನ್ಯಾಸಕರ ಮೇಜಿನ ಮೇಲೆ ಇಟ್ಟೆವು.

ಅವರು ನೋಡಿ ಮೆಚ್ಚಿದರು. ಆದರೆ ಒಂದು ಪ್ರಶ್ನೆ ಕೇಳಿದರು. ಕಳೆದ ವರ್ಷ ಫಸ್ಟ್ ಪಿಯುಗೆ ಸೇರಿ ನಡುವೆಯೇ ಕಾಲೇಜು ಬಿಟ್ಟವರ ಪತ್ರಗಳು ಇದರಲ್ಲಿ ಇವೆಯೇ ಎಂದು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಿಟ್ಟುಹೋದವರಿಗೆ ನಾವು ಪತ್ರವನ್ನೇ ಕೊಟ್ಟಿರಲಿಲ್ಲ. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿಯೊಬ್ಬಳು ಈ ವರ್ಷ ಇಲ್ಲ. ಅವಳ ನೆನಪು ಕೂಡ ಎಣಿಸುವಾಗ ನನಗೆ ಬಂದಿರಲಿಲ್ಲ. ಆಗ ಅವರು ಆಂಟೋನಿಯಾ ಪಂತೋಹಾ ಎಂಬವರ ಬಗ್ಗೆ ಓದಲು ಹೇಳಿದರು. ನಾನು ಹುಟ್ಟುವ ಮೊದಲೇ ತೀರಿಕೊಂಡ ಅವರ ಬಗ್ಗೆ ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಆಂಟೋನಿಯಾ ಪಂತೋಹಾ 1922ರ ಸೆಪ್ಟೆಂಬರ್ 13ರಂದು ಪೋರ್ಟೊ ರಿಕೊ ದ್ವೀಪದ ರಾಜಧಾನಿ ಸಾನ್ ಹುವಾನ್‌ನಲ್ಲಿ ಹುಟ್ಟಿದರು. ಕೆರಿಬಿಯನ್ ಸಮುದ್ರದ ಈ ದ್ವೀಪ 1898ರವರೆಗೆ ಸ್ಪೇನ್ ದೇಶದ ಕೈಯಲ್ಲಿತ್ತು. ಯುದ್ಧದಲ್ಲಿ ಸ್ಪೇನ್ ಸೋತ ಮೇಲೆ ಅಮೆರಿಕದ ವಶವಾಯಿತು. 1917ರಲ್ಲಿ ಅಲ್ಲಿನ ಜನರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಮನೆಯ ಭಾಷೆ ಸ್ಪ್ಯಾನಿಷ್, ಆಳುವವರ ಭಾಷೆ ಇಂಗ್ಲಿಷ್. ಸ್ಪ್ಯಾನಿಷ್ ಮಾತನಾಡುವ ನಾಡುಗಳಿಂದ ಬಂದ ಕುಟುಂಬದವರನ್ನು ಅಮೆರಿಕದಲ್ಲಿ ಇಂದು ಲ್ಯಾಟಿನೋ ಎಂದು ಕರೆಯುತ್ತಾರೆ. ಪೋರ್ಟೊ ರಿಕೊದವರೂ ಅವರಲ್ಲಿ ಸೇರುತ್ತಾರೆ.

ಆಂಟೋನಿಯಾ ಅವರನ್ನು ಸಾಕಿದವರು ಅಜ್ಜ ಅಜ್ಜಿ. ಅಜ್ಜ ತಂಬಾಕು ಕಂಪನಿಯೊಂದರ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ಕಾರ್ಮಿಕ ಸಂಘದಲ್ಲೂ ಇದ್ದರು. ಅವರು ಬೆಳೆದದ್ದು ಬಾರಿಯೋ ಒಬ್ರೇರೋ ಎಂಬ ಬಡಾವಣೆಯಲ್ಲಿ. ಆ ಹೆಸರಿನ ಅರ್ಥವೇ ಕಾರ್ಮಿಕರ ಕೇರಿ. ಮನೆಯಲ್ಲಿ ಹಣವಿರಲಿಲ್ಲ, ಆದರೆ ನಾಲ್ಕು ಜನ ಸೇರಿದರೆ ಕೆಲಸವಾಗುತ್ತದೆ ಎಂಬ ಪಾಠ ಚಿಕ್ಕ ವಯಸ್ಸಿನಲ್ಲೇ ಸಿಕ್ಕಿತು. ಕಷ್ಟಪಟ್ಟು ಓದಿ ಪೋರ್ಟೊ ರಿಕೊ ವಿಶ್ವವಿದ್ಯಾಲಯದಿಂದ 1942ರಲ್ಲಿ ಶಿಕ್ಷಕಿಯ ಡಿಪ್ಲೊಮಾ ಪಡೆದರು. ಎರಡು ವರ್ಷ ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಿದರು.

1944ರ ನವೆಂಬರ್‌ನಲ್ಲಿ ಅವರು ನ್ಯೂಯಾರ್ಕ್‌ಗೆ ಹೋದರು. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಊರಿನಲ್ಲಿ ಟೀಚರ್ ಆಗಿದ್ದವರು ಅಲ್ಲಿ ಕಾರ್ಖಾನೆ ಕೆಲಸಕ್ಕೆ ಸೇರಬೇಕಾಯಿತು. ಜಲಾಂತರ್ಗಾಮಿಗಳಿಗೆ ರೇಡಿಯೋ ತಯಾರಿಸುವ ಕಡೆ ಬೆಸುಗೆ ಹಾಕಿದರು. ಆಮೇಲೆ ಮಕ್ಕಳ ಕೋಣೆಯ ದೀಪಗಳನ್ನು ಮಾಡುವ ಕಾರ್ಖಾನೆಯಲ್ಲಿ ದುಡಿದರು. ಅಲ್ಲಿಯೂ ಸುಮ್ಮನಿರಲಿಲ್ಲ. ಜೊತೆಯವರಿಗೆ ಅವರ ಹಕ್ಕುಗಳೇನು, ಸಂಘ ಕಟ್ಟುವುದು ಹೇಗೆ ಎಂದು ತಿಳಿಸಿಕೊಟ್ಟರು. ಯುದ್ಧ ಮುಗಿದ ಮೇಲೆ ಪೋರ್ಟೊ ರಿಕೊದಿಂದ ಸಾವಿರಾರು ಬಡ ಕುಟುಂಬಗಳು ಇದೇ ರೀತಿ ನ್ಯೂಯಾರ್ಕ್‌ಗೆ ಬಂದವು. 1960ರ ಜನಗಣತಿಯ ಹೊತ್ತಿಗೆ ಆ ನಗರದಲ್ಲಿ ಅವರ ಸಂಖ್ಯೆ 6 ಲಕ್ಷ ದಾಟಿತ್ತು. ಅಂದರೆ ನಗರದ ನೂರು ಜನರಲ್ಲಿ ಸುಮಾರು ಎಂಟು ಮಂದಿ.

ಕೆಲಸ ಮಾಡುತ್ತಲೇ ಪಂತೋಹಾ ಮತ್ತೆ ಓದಲು ನಿರ್ಧರಿಸಿದರು. ಸ್ಕಾಲರ್‌ಶಿಪ್ ಪಡೆದು ಹಂಟರ್ ಕಾಲೇಜಿಗೆ ಸೇರಿ 1952ರಲ್ಲಿ ಪದವಿ ಮುಗಿಸಿದರು. 1954ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಕಾಲೇಜಿನಲ್ಲಿದ್ದಾಗಲೇ ತಮ್ಮಂಥ ಯುವಕ ಯುವತಿಯರನ್ನು ಸೇರಿಸಿ ಒಂದು ಸಂಘ ಕಟ್ಟಿದರು. 1950ರ ದಶಕದ ಕೊನೆಯಲ್ಲಿ ಗೆಳೆಯರ ಜೊತೆ ಪೋರ್ಟೊ ರಿಕನ್ ಫೋರಂ ಎಂಬ ಸಂಸ್ಥೆಯನ್ನು ಆರಂಭಿಸಿದರು.

ಆಗ ನ್ಯೂಯಾರ್ಕ್‌ನ ಶಾಲೆಗಳಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಹೈಸ್ಕೂಲು ಮುಗಿಸಿದವರಿಗೆಲ್ಲ ಒಂದೇ ಬಗೆಯ ಡಿಪ್ಲೊಮಾ ಸಿಗುತ್ತಿರಲಿಲ್ಲ. ಕಾಲೇಜಿಗೆ ಹೋಗಬೇಕಾದರೆ ಅಕಾಡೆಮಿಕ್ ಡಿಪ್ಲೊಮಾ ಬೇಕಿತ್ತು. ಕೈಕಸುಬು ಕಲಿತವರಿಗೆ ವೃತ್ತಿಪರ ಡಿಪ್ಲೊಮಾ, ಉಳಿದವರಿಗೆ ಸಾಮಾನ್ಯ ಡಿಪ್ಲೊಮಾ ಇತ್ತು. ಯಾವ ಮಗು ಯಾವ ದಾರಿ ಹಿಡಿಯಬೇಕು ಎಂದು ಸಲಹೆ ಕೊಡಲು ಶಾಲೆಗಳಲ್ಲಿ ಕೌನ್ಸೆಲರ್ ಇರುತ್ತಿದ್ದರು. ಅಂದರೆ ನೆರವಿನ ವ್ಯವಸ್ಥೆ ಇರಲಿಲ್ಲ ಎಂದಲ್ಲ. ಕುರ್ಚಿ ಇತ್ತು, ಕೋಣೆ ಇತ್ತು, ಸಂಬಳ ಪಡೆಯುವ ಸಿಬ್ಬಂದಿಯೂ ಇದ್ದರು. ಆದರೆ ಪೋರ್ಟೊ ರಿಕೊದ ಮಕ್ಕಳು ಆ ಕೋಣೆಗೆ ಹೋದಾಗ ಅವರನ್ನು ಹೆಚ್ಚಾಗಿ ಕೈಕಸುಬಿನ ಕಡೆಗೇ ಕಳಿಸಲಾಗುತ್ತಿತ್ತು. ಇಂಗ್ಲಿಷ್ ತಡವರಿಸಿದರೆ ಬುದ್ಧಿಯೇ ಕಡಿಮೆ ಎಂದು ತಿಳಿಯಲಾಗುತ್ತಿತ್ತು. ಮನೆಯಲ್ಲಿ ಯಾರೂ ಕಾಲೇಜು ಕಂಡಿರಲಿಲ್ಲವಾದ್ದರಿಂದ ಈ ಸಲಹೆ ಸರಿಯೋ ತಪ್ಪೋ ಎಂದು ಪ್ರಶ್ನಿಸಲು ತಂದೆತಾಯಿಗೂ ಗೊತ್ತಿರಲಿಲ್ಲ.

ಫೋರಂ ಸಂಸ್ಥೆ ಈ ವಿಷಯವನ್ನು ದೂರಾಗಿ ಹೇಳುವುದರ ಬದಲು ಲೆಕ್ಕವಾಗಿ ಮುಂದಿಟ್ಟಿತು. 1963ರಲ್ಲಿ ನಗರದ ಶಾಲೆಗಳು ಕೊಟ್ಟ ಅಕಾಡೆಮಿಕ್ ಡಿಪ್ಲೊಮಾಗಳು ಸುಮಾರು 21,000. ಅವುಗಳಲ್ಲಿ ಪೋರ್ಟೊ ರಿಕೊದ ಮಕ್ಕಳಿಗೆ ಸಿಕ್ಕಿದ್ದು 331. ಕಪ್ಪು ಜನಾಂಗದ ಮಕ್ಕಳಿಗೆ 762. ನಾನು ಕ್ಯಾಲ್ಕುಲೇಟರ್ ತೆಗೆದುಕೊಂಡು ಲೆಕ್ಕ ಹಾಕಿದೆ. 331 ಎಂದರೆ ಶೇಕಡಾ 1.6 ಮಾತ್ರ. ಅದೇ ವರ್ಷ ವೃತ್ತಿಪರ ಶಾಲೆಗಳ ಡಿಪ್ಲೊಮಾದಲ್ಲಿ ಅವರ ಪಾಲು ಶೇಕಡಾ 7.4 ಇತ್ತು. ನಗರದ ಜನಸಂಖ್ಯೆಯಲ್ಲಿ ಎಂಟು ಭಾಗ ಇರುವವರು ಕಾಲೇಜಿನ ಬಾಗಿಲಿಗೆ ಬರುವಾಗ ಎರಡು ಭಾಗವೂ ಉಳಿದಿರಲಿಲ್ಲ. ಎಷ್ಟು ಮಕ್ಕಳು ಕೌನ್ಸೆಲರ್ ಕೋಣೆಗೆ ಬಂದುಹೋದರು ಎಂದು ಎಣಿಸಿದ್ದರೆ ಶಾಲೆಗಳಿಗೆ ಒಳ್ಳೆಯ ಅಂಕ ಬರುತ್ತಿತ್ತೇನೋ. ಫೋರಂನವರು ದಾರಿಯ ಕೊನೆಯಲ್ಲಿ ನಿಂತು ಎಣಿಸಿದರು. ಆದ್ದರಿಂದ ನಡುವೆ ಎಲ್ಲೋ ಕಾಣೆಯಾದವರು ಆ ಲೆಕ್ಕದಲ್ಲಿ ಕಂಡರು.

ಆ ಲೆಕ್ಕ ಕಾಗದಕ್ಕೆ ಬರುವ ಮೊದಲೇ ಪಂತೋಹಾ ಕೆಲಸ ಶುರುಮಾಡಿದ್ದರು. 1961ರಲ್ಲಿ ಅವರು ಆಸ್ಪಿರಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ದೊಡ್ಡದನ್ನು ಬಯಸು ಎಂಬ ಅರ್ಥವಿದೆ. ಹೆಸರು ಇಡುವಾಗಲೇ ಅವರ ನಿಲುವು ತಿಳಿಯುತ್ತದೆ. ಈ ಮಕ್ಕಳಿಗೆ ಏನೋ ಕೊರತೆ ಇದೆ, ಅದನ್ನು ನಾವು ತುಂಬುತ್ತೇವೆ ಎಂದು ಅವರು ಹೊರಡಲಿಲ್ಲ.

ಆಸ್ಪಿರಾ ಕೆಲಸ ಮಾಡಿದ ರೀತಿ ನನಗೆ ಬಹಳ ಇಷ್ಟವಾಯಿತು. ಹೈಸ್ಕೂಲುಗಳಲ್ಲಿ ಮಕ್ಕಳೇ ಕ್ಲಬ್ಬುಗಳನ್ನು ಕಟ್ಟಿದರು. ಪದಾಧಿಕಾರಿಗಳನ್ನು ಮಕ್ಕಳೇ ಆರಿಸುತ್ತಿದ್ದರು. ಸದಸ್ಯರನ್ನು ಆಸ್ಪಿರಾಂತೆ ಎಂದು ಕರೆಯುತ್ತಿದ್ದರು. ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭಕ್ಕೆ ಅರೆಯಿತೋ ಎಂಬ ಹೆಸರಿತ್ತು. ಅದು ಆ ದ್ವೀಪದ ಮೂಲನಿವಾಸಿಗಳಾದ ತೈನೋ ಜನರ ಕೂಟದ ಹೆಸರು. ಶಾಲೆಯ ಪಠ್ಯದಲ್ಲಿ ಇಲ್ಲದ ತಮ್ಮ ನಾಡಿನ ಚರಿತ್ರೆಯನ್ನು ಮಕ್ಕಳು ಕ್ಲಬ್ಬಿನಲ್ಲಿ ಓದಿದರು. ಇನ್ನೊಂದು ಕಡೆ ಆಸ್ಪಿರಾದ ಕಚೇರಿಯಲ್ಲಿ ಅವರ ಭಾಷೆ ಬಲ್ಲ ಸಲಹೆಗಾರರು ಇದ್ದರು. ಯಾವ ಕಾಲೇಜಿಗೆ ಯಾವ ವಿಷಯ ಬೇಕು, ಅರ್ಜಿ ಹೇಗೆ ತುಂಬಬೇಕು, ಸ್ಕಾಲರ್‌ಶಿಪ್ ಎಲ್ಲಿದೆ, ಸಾಲ ಹೇಗೆ ಸಿಗುತ್ತದೆ ಎಂಬುದನ್ನೆಲ್ಲ ಮಕ್ಕಳೊಂದಿಗೆ, ತಂದೆತಾಯಿಯೊಂದಿಗೆ ಕೂತು ಹೇಳುತ್ತಿದ್ದರು. ಹಣ, ಮಾಹಿತಿ, ಧೈರ್ಯ ಮೂರೂ ಒಂದೇ ಕಡೆ ಸಿಗುತ್ತಿದ್ದವು.

ಇದರಲ್ಲಿ ಇನ್ನೊಂದು ಮಾತೂ ಇತ್ತು. ಕಾಲೇಜು ಓದಿ ಮುಂದೆ ಹೋದವರು ತಮ್ಮ ಕೇರಿಯನ್ನು ಮರೆಯಬಾರದು, ತಿರುಗಿ ಬಂದು ಮುಂದಿನವರನ್ನು ಕರೆದುಕೊಂಡು ಹೋಗಬೇಕು ಎಂಬುದು ಪಂತೋಹಾ ಅವರ ಅಪೇಕ್ಷೆ. ನಮ್ಮ ಮನೆಗಳಲ್ಲಿ ಹಿರಿಯರು ಇಲ್ಮ್ ಬಗ್ಗೆ ಹೇಳುವುದೂ ಇದನ್ನೇ ಅಲ್ಲವೇ? ಕಲಿತ ವಿದ್ಯೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕು.

ಆಸ್ಪಿರಾ ನ್ಯೂಯಾರ್ಕ್‌ನಿಂದ ಹೊರಗೆ ನ್ಯೂಜೆರ್ಸಿ, ಫಿಲಡೆಲ್ಫಿಯಾ, ಶಿಕಾಗೋ ಮುಂತಾದ ಕಡೆಗೂ ಹರಡಿತು. ಅದು ಗಟ್ಟಿಯಾಗಿ ನಿಂತ ಮೇಲೆ, 1960ರ ದಶಕದ ಮಧ್ಯದಲ್ಲಿ, ಪಂತೋಹಾ ನಿರ್ದೇಶಕಿಯ ಹುದ್ದೆ ಬಿಟ್ಟರು. ತಾವು ಕಟ್ಟಿದ್ದನ್ನು ಬೇರೆಯವರ ಕೈಗೆ ಕೊಟ್ಟು ಹೊಸ ಕೆಲಸಕ್ಕೆ ಹೋಗುವುದು ಅವರ ಜೀವನದಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1967ರಲ್ಲಿ ನ್ಯೂಯಾರ್ಕ್‌ನ ಶಾಲಾ ಆಡಳಿತವನ್ನು ಬಡಾವಣೆಗಳಿಗೆ ಹಂಚುವ ಬಗ್ಗೆ ವರದಿ ಕೊಟ್ಟ ಮೇಯರ್ ಅವರ ಸಮಿತಿಯಲ್ಲಿ ಅವರು ಸದಸ್ಯೆಯಾಗಿದ್ದರು.

1972ರಲ್ಲಿ ಆಸ್ಪಿರಾ ಸಂಸ್ಥೆ ನ್ಯೂಯಾರ್ಕ್‌ನ ಶಿಕ್ಷಣ ಮಂಡಳಿಯ ಮೇಲೆ ನ್ಯಾಯಾಲಯಕ್ಕೆ ಹೋಯಿತು. ಅರ್ಥವಾಗದ ಭಾಷೆಯಲ್ಲಿ ಪಾಠ ಮಾಡಿ ಮಕ್ಕಳು ಫೇಲ್ ಎಂದು ಹೇಳುವುದು ಅನ್ಯಾಯ ಎಂಬುದು ವಾದ. 1974ರ ಆಗಸ್ಟ್ 29ರಂದು ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಅದರಂತೆ ಇಂಗ್ಲಿಷ್ ಬಾರದ ಸ್ಪ್ಯಾನಿಷ್ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದರ ಜೊತೆಗೆ ಉಳಿದ ವಿಷಯಗಳನ್ನು ಅವರ ಭಾಷೆಯಲ್ಲೇ ಹೇಳಿಕೊಡಬೇಕಾಯಿತು. ಇದು ದೊಡ್ಡ ಗೆಲುವು, ಆದರೆ ಪೂರ್ತಿ ಗೆಲುವಲ್ಲ. ಯಾರಿಗೆ ಈ ಸೌಲಭ್ಯ ಎಂದು ಆರಿಸಲು ಒಂದು ಭಾಷಾ ಪರೀಕ್ಷೆ ಇಟ್ಟರು. ಇಂಗ್ಲಿಷ್‌ನಲ್ಲಿ ತೀರಾ ಕಡಿಮೆ ಅಂಕ ಬಂದವರಿಗಷ್ಟೇ ಅವಕಾಶ. ಸ್ವಲ್ಪ ಇಂಗ್ಲಿಷ್ ಬಂದರೂ ಪಾಠ ಹಿಡಿಸದ ಮಕ್ಕಳು ಹೊರಗೇ ಉಳಿದರು.

ಈ ಭಾಗ ಓದುವಾಗ ನನಗೆ ನಮ್ಮದೇ ನೆನಪಾಯಿತು. ನಮ್ಮ ಮನೆಯಲ್ಲಿ ಮಾತು ಉರ್ದು. ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮ. ಈಗ ಅಕೌಂಟೆನ್ಸಿ ಪುಸ್ತಕ ಇಂಗ್ಲಿಷ್‌ನಲ್ಲಿದೆ. ಅರ್ಜಿಯಲ್ಲಿ ಏನಿದೆ ಎಂದು ಅಮ್ಮಿಗೆ ಉರ್ದುವಿನಲ್ಲಿ ಓದಿ ಹೇಳಿದ ಮೇಲೆ ಅವರು ಸಹಿ ಹಾಕುತ್ತಾರೆ. ನಾನು ಪರೀಕ್ಷೆಯಲ್ಲಿ ಪಾಸಾಗುತ್ತೇನೆ. ಆದ್ದರಿಂದ ನನಗೆ ಭಾಷೆಯ ತೊಂದರೆ ಇದೆ ಎಂದು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಫಸ್ಟ್ ಪಿಯುನ ಮೊದಲ ಮೂರು ತಿಂಗಳು ನನಗೆ ಡೆಬಿಟ್ ಕ್ರೆಡಿಟ್‌ಗಿಂತ ಅದನ್ನು ವಿವರಿಸುವ ವಾಕ್ಯಗಳೇ ಕಷ್ಟವಾಗಿದ್ದವು.

ಕಾಲೇಜಿನ ಕಡೆಗೆ ಬರೋಣ. 1969ರಲ್ಲಿ ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಕಪ್ಪು ಜನಾಂಗದ ಮತ್ತು ಪೋರ್ಟೊ ರಿಕೊದ ವಿದ್ಯಾರ್ಥಿಗಳು ಹೋರಾಟ ಮಾಡಿದರು. ಅದರ ಪರಿಣಾಮವಾಗಿ ನಗರದ ವಿಶ್ವವಿದ್ಯಾಲಯವು 1975ಕ್ಕೆ ಎಂದುಕೊಂಡಿದ್ದ ಯೋಜನೆಯನ್ನು 1970ರಲ್ಲೇ ಜಾರಿಗೆ ತಂದಿತು. ನಗರದ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಅದರ ಯಾವುದಾದರೊಂದು ಕಾಲೇಜಿನಲ್ಲಿ ಸೀಟು. ಒಮ್ಮೆಲೇ ಸಾವಿರಾರು ಹೊಸ ವಿದ್ಯಾರ್ಥಿಗಳು ಬಂದರು. ಆದರೆ ಹಿಂದಿನ ಶಾಲೆಗಳಲ್ಲಿ ಸರಿಯಾಗಿ ಕಲಿಸಿರದ ಕಾರಣ ಅನೇಕರಿಗೆ ಹೆಚ್ಚಿನ ಪಾಠ, ಸಲಹೆ, ಹಣದ ನೆರವು ಬೇಕಿತ್ತು. 1976ರಲ್ಲಿ ನಗರದ ಹಣಕಾಸಿನ ಬಿಕ್ಕಟ್ಟಿನಿಂದಾಗಿ ಅದುವರೆಗೆ ಉಚಿತವಾಗಿದ್ದ ಆ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ಬಂತು. ಸೀಟು ಕೊಡುವುದು ಒಂದು ಕೆಲಸ, ಸೇರಿದವರು ಮುಗಿಸುವಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ.

ಪಂತೋಹಾ ಆ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಪೋರ್ಟೊ ರಿಕೊದವರ ಬಗ್ಗೆ ಸಂಶೋಧನೆ ಮಾಡುವ ಕೇಂದ್ರವೊಂದನ್ನು ಸ್ಥಾಪಿಸಿದ್ದರು. ಅದರಿಂದಲೇ ಮುಂದೆ ಬೋರಿಕುವಾ ಕಾಲೇಜು ಹುಟ್ಟಿತು. ಬೋರಿಕುವಾ ಎಂಬುದು ಪೋರ್ಟೊ ರಿಕೊದವರು ತಮ್ಮನ್ನು ತಾವೇ ಕರೆದುಕೊಳ್ಳುವ ಹೆಸರು. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಕಲಿಸುವ ಈ ಕಾಲೇಜು ನ್ಯೂಯಾರ್ಕ್‌ನಲ್ಲಿ ಇಂದಿಗೂ ಇದೆ. ತಾವೂ ಓದು ನಿಲ್ಲಿಸದೆ 1973ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ ಐವತ್ತು ವರ್ಷ.

ನಂತರ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಪ್ರಾಧ್ಯಾಪಕಿಯಾದರು. ಅಲ್ಲಿಯೂ ಸಮುದಾಯದ ಕೆಲಸ ಮಾಡುವವರಿಗೆ ತರಬೇತಿ ಕೊಡುವ ಸಂಸ್ಥೆಯೊಂದನ್ನು ಸಹೋದ್ಯೋಗಿಯ ಜೊತೆ ಸೇರಿ ಕಟ್ಟಿದರು. 1980ರ ದಶಕದಲ್ಲಿ ತವರು ದ್ವೀಪಕ್ಕೆ ಮರಳಿ, ಬೆಟ್ಟದ ಹಳ್ಳಿಯೊಂದರ ಜನರು ತಮ್ಮ ಕಾಲ ಮೇಲೆ ನಿಲ್ಲಲು ಪ್ರೊದುಸೀರ್ ಎಂಬ ಸಂಸ್ಥೆ ಆರಂಭಿಸಿದರು. ಉತ್ಪಾದಿಸು ಎಂದು ಅದರ ಅರ್ಥ. 1996ರಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಗೆ ದೇಶದ ನಾಗರಿಕರಿಗೆ ಕೊಡುವ ಅತ್ಯುನ್ನತ ಗೌರವಗಳಲ್ಲಿ ಒಂದಾದ ಸ್ವಾತಂತ್ರ್ಯ ಪದಕ ನೀಡಿದರು. ಕೊನೆಯ ವರ್ಷಗಳಲ್ಲಿ ಮತ್ತೆ ನ್ಯೂಯಾರ್ಕ್‌ಗೆ ಬಂದು ಆತ್ಮಕಥೆ ಬರೆದರು. 2002ರ ಮೇ 24ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರ ವಯಸ್ಸು 79.

ಇಷ್ಟು ಓದಿದ ಮೇಲೆ ನಮ್ಮ ಕೋಷ್ಟಕವನ್ನು ಮತ್ತೆ ತೆಗೆದು ನೋಡಿದೆ. ನಾವು ಎಣಿಸಿದ್ದು ತರಗತಿಯಲ್ಲಿ ಕೂತಿರುವವರನ್ನು. ಅವರಿಗೆ ನೆರವು ಒಂದಿಷ್ಟು ಸಿಕ್ಕಿದೆ, ಅದಕ್ಕೇ ಕೂತಿದ್ದಾರೆ. ಖರ್ಚಿನ ಬದಿ ಬಿಟ್ಟು ಆದಾಯದ ಬದಿಯನ್ನಷ್ಟೇ ಬರೆದು ಲಾಭ ತೋರಿಸಿದಂತಾಗಿತ್ತು ನಮ್ಮ ಲೆಕ್ಕ.

ನಾನು ಆ ಗೆಳತಿಗೆ ಫೋನ್ ಮಾಡಿದೆ. ಬಹಳ ದಿನಗಳ ಮೇಲೆ ಮಾತನಾಡಿದ್ದರಿಂದ ಮೊದಲು ಇಬ್ಬರಿಗೂ ಸಂಕೋಚ. ಆಮೇಲೆ ಅವಳೇ ಹೇಳಿದಳು. ಅವಳು ಸ್ಕಾಲರ್‌ಶಿಪ್ ಕೌಂಟರ್‌ಗೆ ಒಂದು ಸಲ ಬಂದಿದ್ದಳಂತೆ. ಅವಳ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರಲಿಲ್ಲ. ಖಾತೆ ಮಾಡಿಸಿಕೊಂಡು ಬಾ ಎಂದು ಹೇಳಿ ಕಳಿಸಿದರು. ಖಾತೆ ಮಾಡಿಸಲು ಅಬ್ಬಾ ಒಂದು ದಿನದ ಕೂಲಿ ಬಿಡಬೇಕಿತ್ತು. ಇವತ್ತು ನಾಳೆ ಎನ್ನುವಷ್ಟರಲ್ಲಿ ಕೊನೆಯ ದಿನಾಂಕ ಕಳೆಯಿತು. ಎರಡನೇ ಕಂತಿನ ಫೀಸು ಕಟ್ಟುವ ಹೊತ್ತಿಗೆ ಅವಳು ಬರುವುದನ್ನು ನಿಲ್ಲಿಸಿದಳು. ಕೌಂಟರ್‌ನ ರಿಜಿಸ್ಟರ್‌ನಲ್ಲಿ ಅವಳ ಸಹಿ ಇದೆ. ಅಂದರೆ ಆ ವರ್ಷ ಕೌಂಟರ್ ಉಪಯೋಗಿಸಿದವರ ಸಂಖ್ಯೆಯಲ್ಲಿ ಅವಳೂ ಒಬ್ಬಳು.

ಇದನ್ನು ಯಾರ ಮೇಲೂ ತಪ್ಪು ಹೊರಿಸಲು ಬರೆಯುತ್ತಿಲ್ಲ. ಕೌಂಟರ್‌ನಲ್ಲಿ ಕೂರುವವರು ಊಟದ ಬಿಡುವಿನಲ್ಲೂ ಅರ್ಜಿ ತುಂಬಿಸಿದ್ದನ್ನು ನಾವೇ ನೋಡಿದ್ದೇವೆ. ಅವಳು ಮತ್ತೆ ಬರಲಿಲ್ಲ ಎಂಬುದನ್ನು ಗಮನಿಸುವ ಕೆಲಸ ಯಾರಿಗೂ ಕೊಟ್ಟಿರಲಿಲ್ಲ, ಅಷ್ಟೇ.

ಆದ್ದರಿಂದ ನಾವು ಮೂವರು ಸಮಿತಿಯ ಮುಂದೆ ಮೂರು ಸಲಹೆ ಇಟ್ಟಿದ್ದೇವೆ. ಒಂದು, ಜೂನ್‌ನಲ್ಲಿ ಸೇರಿದವರ ಪಟ್ಟಿಯನ್ನೂ ಮಾರ್ಚ್‌ನಲ್ಲಿ ಪರೀಕ್ಷೆಗೆ ಕೂತವರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡು, ಕೌಂಟರ್ ರಿಜಿಸ್ಟರ್‌ನಲ್ಲಿ ಬಂದವರ ಸಹಿಯ ಪಕ್ಕ ಹಣ ಖಾತೆಗೆ ಬಂತೇ ಎಂಬ ಇನ್ನೊಂದು ಕಾಲಂ ಇರಬೇಕು. ಮೂರು, ಒಂದು ವಾರ ಬರದವರ ಮನೆಗೆ ಸೆಕೆಂಡ್ ಪಿಯು ವಿದ್ಯಾರ್ಥಿಗಳೇ ಫೋನ್ ಮಾಡಬೇಕು, ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ. ಆಸ್ಪಿರಾದ ಕ್ಲಬ್ಬುಗಳಲ್ಲಿ ಮಕ್ಕಳೇ ಮಕ್ಕಳನ್ನು ಕರೆತಂದಂತೆ ನಾವೂ ಮಾಡಬಹುದು. ಪ್ರಾಂಶುಪಾಲರು ಮೊದಲ ಎರಡನ್ನು ಒಪ್ಪಿದ್ದಾರೆ. ಮೂರನೆಯದಕ್ಕೆ ಹೆಸರು ಕೊಡುವವರು ಬೇಕು. ಲೈಬ್ರರಿಯ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇವೆ.

ನನ್ನ ಗೆಳತಿ ಈಗ ಬ್ಯಾಂಕ್ ಖಾತೆ ಮಾಡಿಸಿದ್ದಾಳೆ. ಮುಂದಿನ ವರ್ಷ ಮತ್ತೆ ಸೇರಬೇಕೆಂದು ಅವಳಿಗೆ ಆಸೆಯಿದೆ, ಅಬ್ಬಾ ಇನ್ನೂ ಹೂಂ ಎಂದಿಲ್ಲ. ಅವಳಿಗಾಗಿ ನೀವೂ ದುವಾ ಮಾಡಿ.